ಮಳೆಯಲ್ಲಿ ಕಾರು ನೋಡಬಾರದು

ಕ್ಲೆಗ್‌ಶಾ ಪಟ್ಟಣದ ನಾಗರಿಕರು ಹಳೆಯ ಕಾರುಗಳನ್ನು ಬುದ್ಧಿವಂತಿಕೆಯಿಂದಲೇ ಕೊಳ್ಳತಕ್ಕದ್ದು ಎಂದು ಪುರಸಭೆ ಸರ್ವಾನುಮತದಿಂದ ಠರಾಯಿಸಿತು. ಬುದ್ಧಿವಂತಿಕೆಯನ್ನು ದೃಢೀಕರಿಸಲು ಒಂದು ಸಮಿತಿಯೂ ಸಮಿತಿಗೆ ಛತ್ರಿ ಭತ್ಯೆಯೂ ಮಂಜೂರಾದವು.

ಸಿರಿಲ್ ಎಂಟ್‌ವಿಸಲ್‌ನಿಗೆ ಬುದ್ಧಿವಂತನೆನಿಸಿಕೊಳ್ಳುವ ಚಪಲವೇನೂ ಇರಲಿಲ್ಲ. ಸೊಂಟ ಮುರಿದುಕೊಂಡ ಹೆಂಡತಿ ಹಿಲ್ಡಾಳಿಗೆ ಬೇಸಿಗೆ ಮುಗಿಯುವುದರೊಳಗೆ ಒಮ್ಮೆ ಸಮುದ್ರ ತೋರಿಸಬೇಕಿತ್ತು, ಅಷ್ಟೆ. ಎರಡು ವರ್ಷದಿಂದ ಅವಳು ಬೀದಿಯ ತಿರುವು ದಾಟಿರಲಿಲ್ಲ. ಮನೆಯಲ್ಲಿದ್ದ ಫಾಸ್ಟ್‌ಬ್ಯಾಕ್ ಕಾರು ನೋಡಲು ಚೆಂದ, ಆದರೆ ಅದರ ಇಳಿಜಾರು ಬೆನ್ನಿನ ಕೆಳಗೆ ಗಾಲಿಕುರ್ಚಿ ಹಿಡಿಸುತ್ತಿರಲಿಲ್ಲ. ಹಿಂಬದಿ ಉದ್ದಕ್ಕೂ ಎತ್ತರವಾಗಿರುವ ಎಸ್ಟೇಟ್ ಕಾರೇ ಬೇಕಿತ್ತು. ಪಿಕಪ್ ಎಂಬ ಹಳೆಯ ಕಾರುಗಳ ವ್ಯಾಪಾರಿಯ ಅಂಗಳದಲ್ಲಿ ಅಂಥ ಹಸಿರು ಕಾರೊಂದು ನಿಂತಿತ್ತು.

ಅದನ್ನು ಪರಿಶೀಲಿಸಲು ಸಮಿತಿಯ ಮಿಸ್ ಓರ್ಮರಾಡ್ ಮಳೆಯಲ್ಲಿ ಛತ್ರಿ ಹಿಡಿದು ಬಂದರು, ಕಾರಿಗೆ ಬೆನ್ನು ಮಾಡಿ ನಿಂತರು.

“ಮಳೇಲಿ ಕಾರು ನೋಡಬಾರದು, ಎಂಟ್‌ವಿಸಲ್ ಅವರೇ. ನೀರು ಬಿದ್ರೆ ಎಂಥಾ ಹಳೇ ಬಣ್ಣವೂ ಹೊಳೆಯುತ್ತೆ. ನಿಯಮ ನಾಲ್ಕು.”

“ಮತ್ತೆ ಯಾವಾಗ ನೋಡ್ತೀರಿ ಮೇಡಂ?”

“ಒಣ ದಿನ.”

“ಇಲ್ಲಿ? ಕ್ಲೆಗ್‌ಶಾದಲ್ಲಿ?”

“ಸಮಿತಿ ಆಶಾವಾದಿ.”

ಜುಲೈನ ಒಂದು ಮಂಗಳವಾರ ಬಿಸಿಲು ಬಂತು. ಆಗ ಸಮಿತಿ ‘ಒಣ ದಿನ’ ಎಂದರೇನು ಎಂದು ಚರ್ಚಿಸಲು ಸಭೆ ಸೇರಿತ್ತು. ವ್ಯಾಖ್ಯಾನ ಅಂಗೀಕಾರವಾಗುವಷ್ಟರಲ್ಲಿ ಹನಿಯತೊಡಗಿತು. ಕಾರು ಅಲ್ಲೇ ನೆನೆಯಿತು. ಪಿಕಪ್ ಬೆಲೆ ಏರಿಸಿದ.

“ಇಷ್ಟು ದಿನ ಪರಿಶೀಲನೆಯಲ್ಲಿರೋ ಕಾರು ಊರಲ್ಲಿ ಇನ್ನೊಂದಿದ್ರೆ ತೋರ್ಸಿ, ನೋಡೋಣ!”

ಆಗಸ್ಟ್ ಕೊನೆಗೆ ಸಿರಿಲ್ ತಾಳ್ಮೆಗೆಟ್ಟ. “ಮೇಡಂ, ಚಕ್ರದ ಮೇಲೆ ತುಕ್ಕು ಹಿಡಿದಿದೆ, ನನ್ನ ಕಣ್ಣಿಗೇ ಕಾಣ್ತಿದೆ!”

“ಮಳೇಲಿ ಕಂಡ ತುಕ್ಕು ಕಡತಕ್ಕೆ ಬರಲ್ಲ. ಬೇಕಿದ್ರೆ ಸಾಮಾನು ಹಿಡಿಸುತ್ತೋ ಇಲ್ವೋ ನೋಡ್ಕೊಳ್ಳಿ. ನಿಯಮ ಒಂಬತ್ತು.”

ಭಾನುವಾರ ಅವನು ಹಿಲ್ಡಾಳನ್ನು ತಳ್ಳಿಕೊಂಡು ಬಂದ. ಅವಳನ್ನು ಮುಂದೆ ಕೂರಿಸಿ, ಕುರ್ಚಿಯನ್ನು ಹಿಂದಿಟ್ಟ. ಸಲೀಸಾಗಿ ಹಿಡಿಸಿತು. ಬುತ್ತಿಯಲ್ಲಿ ಮೀನಿನ ಸ್ಯಾಂಡ್‌ವಿಚ್, ಫ್ಲಾಸ್ಕಿನಲ್ಲಿ ಚಹಾ ಇತ್ತು. ಎದುರಿಗೆ ಪಿಕಪ್‌ನ ಇಟ್ಟಿಗೆ ಗೋಡೆ. ಹಿಲ್ಡಾ ಗಾಜಿನ ಮಬ್ಬನ್ನು ತೋಳಿನಿಂದ ಒರೆಸಿದಳು.

“ಸಮುದ್ರ ಕಾಣ್ತಿಲ್ಲ ಸಿರಿಲ್.”

“ಮೊದ್ಲೆಲ್ಲ ಅಲ್ಲಿಗೆ ಹೋದಾಗ್ಲೂ ಮಳೇಲಿ ಕಾಣ್ತಿರ್ಲಿಲ್ಲ ಬಿಡು.”

“ಅದೂ ನಿಜ. ಕಾರಿಂದ ಇಳೀತಾನೂ ಇರ್ಲಿಲ್ಲ.” ಅವಳು ಲೋಟ ಮುಂದೆ ಹಿಡಿದಳು.

ಕೊಳ್ಳದೆಯೇ ಉದ್ದೇಶ ಈಡೇರಿರುವುದನ್ನು ಮಿಸ್ ಓರ್ಮರಾಡ್ ದಾಖಲಿಸಿಕೊಂಡರು. ಸಮಿತಿ ಸಿರಿಲ್‌ನನ್ನು ವರ್ಷದ ಬುದ್ಧಿವಂತ ಗ್ರಾಹಕನೆಂದು ಘೋಷಿಸಿತು. ಮುಂದಿನ ಭಾನುವಾರ ಹನ್ನೊಂದು ಕುಟುಂಬಗಳು ಫ್ಲಾಸ್ಕ್ ಹಿಡಿದು ಪಿಕಪ್‌ನ ಗೇಟಿನಲ್ಲಿ ಶಿಸ್ತಾಗಿ ಸಾಲು ನಿಂತವು. ಗೋಡೆಗೆ ಹತ್ತಿರದ ಕಾರುಗಳಲ್ಲಿ ಕೂರಲು ಪಿಕಪ್ ಹೆಚ್ಚಿನ ದರ ಇಟ್ಟ. ಯಾರೂ ತಕರಾರು ಮಾಡಲಿಲ್ಲ.

ಹಿಲ್ಡಾ ಮಾತ್ರ ಹಿಂದಿನ ಸಾಲಿನ ಕಾರನ್ನೇ ಕೇಳಿದಳು. ಮುಂದಿನ ಸಾಲಿನಲ್ಲಿ ಸಮುದ್ರದ ಗಾಳಿ ಜಾಸ್ತಿಯಂತೆ.