ಕಂಬಳಿ ಹೊದ್ದ ಕಂಪ್ಯೂಟರು

ಮಕ್ಕಳೇ, ತೆಲಿಗಿಯಿಂದ ಹರಪನಹಳ್ಳಿಗೆ ಬರುವ ಬಸ್ಸಿನಲ್ಲಿ ಕಂಪ್ಯೂಟರಿಗೆ ಕಂಬಳಿ ಹೊದಿಸಿ, ತೊಡೆಯ ಮೇಲೆ ಕೂಡಿಸಿಕೊಂಡು ಬಂದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನಿಮ್ಮ ಸಣ್ಣಜ್ಜ, ನನ್ನ ಮೈದುನ!

"ಏನ್ರೀ ಮಾಸ್ತರ, ಕೂಸಿಗೆ ಜ್ವರ ಬಂದಾವೇನು?" ಎಂದನಂತೆ ಕಂಡಕ್ಟರ್.

"ಇನ್ನೂ ಬಂದಿಲ್ಲಪ್ಪ. ಮಂದಿ ಕಂಪ್ಯೂಟರ್ ಮುಟ್ಟಿದ್ರ ಬರ್ತಾವು."

ಇದಕ್ಕೂ ಕಾರಣವಿದೆ. ಶಾಲೆಯ ನೌಕರಿ ಮುಗಿದ ಮೇಲೆ ಸಣ್ಣಜ್ಜ, ಯಾರು ಕೇಳಲಿ ಬಿಡಲಿ, ಊರೂರಿನ ಸನ್ಮಾನಗಳಿಗೆ ಸ್ಲೈಡು ಮಾಡಿಕೊಡುತ್ತಿದ್ದ. ಉಚ್ಚಂಗಿದುರ್ಗದಲ್ಲಿ ಒಬ್ಬ ಹೆಡ್‌ಮಾಸ್ತರರ ಬೀಳ್ಕೊಡುಗೆ. ಪೆನ್‌ಡ್ರೈವ್ ಅಲ್ಲಿನ ಕಂಪ್ಯೂಟರಿಗೆ ಹಾಕಿದರೆ ಪರದೆಯ ಮೇಲೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಚುಕ್ಕಿ, ಗೆರೆ, ಟೊಪ್ಪಿಗೆ. ನಾವು ಬರೆದ ಫಾಂಟು, ಅಂದರೆ ಆ ಅಕ್ಷರದ ಮಾದರಿ, ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅದು ತನ್ನ ಹತ್ತಿರ ಇದ್ದುದನ್ನೇ ಹಾಕಿಬಿಡುತ್ತದಂತೆ. ಸಣ್ಣಜ್ಜ ಬೆವೆತು ನಿಂತಿದ್ದರೆ ಹಿಂದಿನಿಂದ ಯಾರೋ, "ನೋಡ್ಲೇ, ಮಾಸ್ತರು ಇಂಗ್ಲೀಷಿನ್ಯಾಗ ಹೊಗಳ್ಯಾರ!" ಎಂದು ಚಪ್ಪಾಳೆ ತಟ್ಟಿದರಂತೆ. ಅಂದಿನಿಂದ ಶುರುವಾದದ್ದು ತನ್ನ ಕಂಪ್ಯೂಟರನ್ನೇ ಹೊತ್ತೊಯ್ಯುವ ಈ ಕಂಬಳಿ ಯಾತ್ರೆ.

ನಿಮ್ಮ ಅಜ್ಜ ಇಲ್ಲಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಈಗ ಎಲ್ಲ ಕಡೆ ಫ್ಲೆಕ್ಸು. ಅವರು ಬರೆದ ಒಂದು ಬೋರ್ಡೂ ಉಳಿದಿಲ್ಲ. ಅವರು ತೀರಿಕೊಂಡು ವರ್ಷವಾಗುತ್ತ ಬಂದಾಗ ಸಣ್ಣಜ್ಜ ಹಟ ಹಿಡಿದ: ವರ್ಷದ ಕಾರ್ಯಕ್ಕೆ ಸ್ಲೈಡು, ಅದರಲ್ಲಿ ಅಣ್ಣನ ಅಕ್ಷರವೇ ಇರಬೇಕು! ದಿನಾ ಸಂಜೆ ಒಂದು ಹೊಸ ಫಾಂಟನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬರತೊಡಗಿದ.

"ಅತ್ತಿಗಿ, ಇದು ಅಣ್ಣನ ಅಕ್ಷರ ಅನಿಸ್ತೈತೇನು?"

"ಕೊಂಬು ಸ್ವಲ್ಪ ಉದ್ದ ಆತು ನೋಡಪ್ಪ."

ಕೊಂಬು ಗಿಡ್ಡವಾಗಿ ಬಂದರೆ ತಲೆಕಟ್ಟು ದಪ್ಪ ಅನ್ನುತ್ತಿದ್ದೆ. ಏನು ಮಾಡಲಿ? ಸರಿ ಅಂದರೆ ಮರುದಿನ ಯಾರು ಬರುತ್ತಾರೆ? ಆ ವರ್ಷ ನಮ್ಮ ಮನೆಯಲ್ಲಿ ಬಾಯಿಬಿಡುತ್ತಿದ್ದುದು ಕುಕ್ಕರ್ ಒಂದೇ.

ಕಾರ್ಯದ ಹಿಂದಿನ ದಿನ ಅವನು ಸೋತು ಕೂತ. "ಅಣ್ಣ ಒಂದಕ್ಷರನೂ ಬಿಟ್ಟು ಹೋಗ್ಲಿಲ್ಲಲ್ರೀ ಅತ್ತಿಗಿ" ಎಂದು ಟವೆಲಿನಲ್ಲಿ ಕಣ್ಣೊರೆಸಿಕೊಂಡ. ನನಗೆ ತಡೆಯಲಾಗಲಿಲ್ಲ. ಒಳಗಿನ ಟ್ರಂಕನ್ನು ತಿರುಗಿಸಿದೆ. ಮದುವೆಯಾದ ಹೊಸತರಲ್ಲಿ ನಿಮ್ಮ ಅಜ್ಜ ಅದರ ಮೇಲೆ ನೀಲಿ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದರು. ಮಂದಿ ನೋಡಿಯಾರು ಎಂಬ ನಾಚಿಕೆಗೆ ಅಂದಿನಿಂದ ಅದರ ಮುಖ ಗೋಡೆಗೇ! ಸಣ್ಣಜ್ಜ ಅದರ ಫೋಟೊ ತೆಗೆದುಕೊಂಡ.

ಕಾರ್ಯದ ದಿನ ಅವನ ಕಂಪ್ಯೂಟರು, ಕಂಬಳಿಯೊಳಗಿದ್ದೂ, ಬಸ್ಸಿನ ಕುಲುಕಾಟಕ್ಕೆ ಕೆಟ್ಟು ಕೂತಿತು. ಪೆನ್‌ಡ್ರೈವನ್ನು ಪಕ್ಕದ ಮನೆಯವರ ಕಂಪ್ಯೂಟರಿಗೆ ಹಾಕಿದರೆ ಮತ್ತೆ ಅದೇ ಚುಕ್ಕಿ, ಅದೇ ಟೊಪ್ಪಿಗೆ! ಗೋಡೆಯ ಮೇಲೆ ಬಿದ್ದ ಸ್ಲೈಡಿನಲ್ಲಿ ನನ್ನ ಹೆಸರೊಂದೇ ನೆಟ್ಟಗೆ ನಿಂತಿತ್ತು.

"ಅದು ಫೋಟೊರಿ ಅತ್ತಿಗಿ. ಎಲ್ಲಿ ಹಾಕಿದ್ರೂ ಬದಲಾಗಂಗಿಲ್ಲ."

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಸಂದಿಯಿಂದ ನೋಡಿದೆ ಅನ್ನಿ.

ಮರುದಿನ ಸಂಜೆ, ಇನ್ನು ಬರುವವರಿಲ್ಲವೆಂದು ಒಂದೇ ಲೋಟ ಚಹಾ ಇಟ್ಟಿದ್ದೆ. ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ಅತ್ತಿಗಿ, ನಿಮ್ಮ ಹೆಸರಿನ ಮೂರಕ್ಷರ ಸಿಕ್ಕಾವು. ಅವನ್ನ ನೋಡಿ ಉಳಿದವನ್ನೆಲ್ಲಾ ನಾನ ತಿದ್ತೀನಿ. ತಪ್ಪು ಹೇಳಾಕ ನೀವು ಬೇಕ್ರಿ."

ಕನ್ನಡದಲ್ಲಿ ಇಷ್ಟೊಂದು ಅಕ್ಷರಗಳಿರುವುದು ಎಷ್ಟು ಒಳ್ಳೆಯದಾಯಿತು! ನಾನು ಚಹಾಕ್ಕೆ ಇನ್ನಷ್ಟು ನೀರು ಸುರಿದೆ.