ಕಾಣದ ಗ್ರಹವೂ ಕುರುಗೋಡಿನ ದೊಡ್ಡಪ್ಪನೂ

ಆಕಾಶದ ವಿಷಯ ಎತ್ತಿದಾಗಲೆಲ್ಲ ನನಗೆ ನೆಲದ ಮೇಲೆ ಏನಾದರೊಂದು ಫಜೀತಿ ತಪ್ಪಿದ್ದಲ್ಲ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ರಜೆ ಬಂದರೆ ಹಳ್ಳಿಗಳಿಗೆ ಹೋಗಿ ಗ್ರಹ, ನಕ್ಷತ್ರ ಅಂತ ಮಾತಾಡುವ ಚಟ. ಚಿತ್ರ ಬರೆದುಕೊಡಲು ನಮ್ಮ ಡ್ರಾಯಿಂಗ್ ಮೇಷ್ಟ್ರು ಜೊತೆಗಿರುತ್ತಾರೆ. ಬಂಗಾರದಂಥ ಮನುಷ್ಯ, ಮಾತು ಮಾತ್ರ ಕಡಿಮೆ. ನಲವತ್ತರ ಹತ್ತಿರ ಬಂದರೂ ಮದುವೆ ಕೂಡಿ ಬಂದಿರಲಿಲ್ಲ.

ಖಾಲಿ ಜಾಗ

ಈ ಸಲದ ವಿಷಯ, ಇನ್ನೂ ಯಾರ ಕಣ್ಣಿಗೂ ಬೀಳದ ಒಂದು ಗ್ರಹ. ನೆಪ್ಚೂನ್‌ನಿಂದಾಚೆ ಹಿಮದ ಸಣ್ಣ ಸಣ್ಣ ಕಾಯಗಳು ಸುತ್ತುತ್ತವೆ. ಅವುಗಳಲ್ಲಿ ಕೆಲವುಗಳ ದಾರಿ ಒಂದೇ ಕಡೆಗೆ ಚಾಚಿಕೊಂಡಂತೆ ಕಾಣುತ್ತದೆ. ದೂರದಲ್ಲಿ ಯಾವುದೋ ದೊಡ್ಡ ಗ್ರಹವಿದ್ದು ಅವನ್ನು ಎಳೆಯುತ್ತಿರಬೇಕು ಎಂದು ಕೆಲವು ವಿಜ್ಞಾನಿಗಳ ಊಹೆ. ಅಂಥದ್ದೇನೂ ಇಲ್ಲ ಅನ್ನುವವರೂ ಇದ್ದಾರೆ.

ಕಾಣದ್ದನ್ನು ಬರೆಯುವುದು ಹೇಗೆ? ಡ್ರಾಯಿಂಗ್ ಮೇಷ್ಟ್ರು ಎಂಟು ಗ್ರಹಗಳನ್ನೂ ಚೆಂದಾಗಿ ಬರೆದು, ಒಂಬತ್ತನೆಯದರ ಜಾಗ ಖಾಲಿ ಬಿಟ್ಟರು. ಹೆಡ್‌ಮಾಸ್ತರರು ಬಂದು ನೋಡಿ, "ಇಲ್ಲೇನು, ಬಣ್ಣ ತೀರಿತೇನ್ರಿ?" ಅಂದರು.

"ಅಲ್ಲೊಂದು ಗ್ರಹ ಇರಬೌದು ಸರ. ಕಂಡಿಲ್ಲ," ಅಂದೆ.

"ಇದ್ದೂ ಕಾಣವಲ್ದು ಅಂದ್ರ ಖಾಲಿ ಯಾಕ ಬಿಡ್ತೀರಿ? ಗೈರುಹಾಜರಿ ಅಂತ ಬರೀರಿ!"

ಇರೋ ಶನಿ

ಆ ಚಿತ್ರ ಹಿಡಿದುಕೊಂಡು ಕೊಳಗಲ್ಲು ಎಂಬ ಹಳ್ಳಿಗೆ ಹೋದೆವು. ಎಲ್ಲ ಹೇಳಿ ಮುಗಿಸಿದ ಮೇಲೆ ಮುಂದೆ ಕೂತಿದ್ದ ಅಜ್ಜಿ ಕೇಳಿದರು: "ಅದರಿಂದ ನಮಗೇನರ ತ್ರಾಸ ಐತೇನಪ್ಪಾ?"

"ಏನಿಲ್ಲಮ್ಮಾ. ಆ ದೂರದ ಹಿಮದ ಕಾಯಗಳನ್ನ ಎಳಿತೈತಿ, ಅಷ್ಟ."

"ಮತ್ಯಾಕ ಹುಡುಕಾಕ ಹೋಗ್ತೀರಿ? ತನ್ನ ಪಾಡಿಗೆ ತಾನು ಐತಿ. ಕರದ್ರ ಬಂದು ಮನ್ಯಾಗ ಕುಂದರ್ತೈತಿ. ಇರೋ ಶನಿ ಒಬ್ಬ ಸಾಲದೇನು?"

ಚಪ್ಪಾಳೆ ಬಿದ್ದದ್ದು ಅಜ್ಜಿಗೆ, ನನಗಲ್ಲ.

ಯಾರೂ ಕೂರದ ಕುರ್ಚಿ

ಆ ದಿನಗಳಲ್ಲೇ ಡ್ರಾಯಿಂಗ್ ಮೇಷ್ಟ್ರಿಗೆ ಸಿರುಗುಪ್ಪದಿಂದ ಸಂಬಂಧ ಬಂತು. ಹುಡುಗಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹಿರಿಯನಾಗಿ ನಾನು ಜೊತೆಗೆ ಹೋದೆ. ಅವಳೂ ಇವರೂ ಒಬ್ಬರನ್ನೊಬ್ಬರು ನೋಡಿ ನಕ್ಕ ರೀತಿ ಕಂಡೇ ನನಗೆ ಹೊಟ್ಟೆ ತುಂಬಿತು. ಆದರೆ ಅವಳಪ್ಪ, "ನಮಗೆಲ್ಲ ಒಪ್ಪಿಗಿ ಐತ್ರಿ. ಕುರುಗೋಡಿನ ಅಣ್ಣನ್ನ ಒಂದ್ಮಾತು ಕೇಳಬೇಕು," ಅಂದರು. ಅವಳವ್ವನೂ, "ದೊಡ್ಡಪ್ಪ ಏನಂತಾರೋ," ಅಂದರು. ನಾನು ಒಳ್ಳೆಯ ಕುರ್ಚಿಯೊಂದು ಖಾಲಿ ಇದೆಯಲ್ಲಾ ಅಂತ ಕೂರಲು ಹೋದರೆ ಮನೆಮಂದಿಯೆಲ್ಲ ಎದ್ದು ನಿಂತರು. ಅದು ದೊಡ್ಡಪ್ಪನ ಕುರ್ಚಿಯಂತೆ!

ತಿಂಗಳುಗಳು ಉರುಳಿದವು. ಕೇಳಿದಾಗಲೆಲ್ಲ "ದೊಡ್ಡಪ್ಪ" ಎಂಬ ಒಂದೇ ಉತ್ತರ. ಡ್ರಾಯಿಂಗ್ ಮೇಷ್ಟ್ರು ಸೊರಗಿ ಹೋದರು. ನನಗೆ ನಿಜಕ್ಕೂ ಸಂಕಟವಾಯಿತು. ಒಂದು ದಿನ ಅವರೇ ಬಾಯಿ ಬಿಟ್ಟರು: "ಸರ, ಮನಿಮಂದಿಯೆಲ್ಲ ಒಂದ ಕಡಿ ವಾಲ್ಯಾರ. ಎಳಿಯೋರು ಮಾತ್ರ ಕಾಣವಲ್ರು. ನಿಮ್ಮ ಗ್ರಹ ಕುರುಗೋಡಿನಾಗ ಐತಿ, ನಡೀರಿ!"

ಗ್ರಹ ಸಿಕ್ಕಿತು

ಎದೆ ಗಟ್ಟಿ ಮಾಡಿಕೊಂಡು ಸ್ಕೂಟರಿನಲ್ಲಿ ಕುರುಗೋಡಿಗೆ ಹೋದೆವು. ದೊಡ್ಡಪ್ಪ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಸಣ್ಣ ದೇಹ, ಮೆತ್ತನೆ ದನಿ. ವಿಷಯ ಕೇಳಿ ಕಣ್ಣರಳಿಸಿದರು.

"ನಾನ್ಯಾವಾಗ ಬ್ಯಾಡ ಅಂದೆ? ಅವರು ಕರೀಲಿ ಅಂತ ಹೊಸ ಧೋತರ ತಂದು ಇಟ್ಟೀನಿ. ಒಬ್ರೂ ಈ ಕಡಿ ಬರವಲ್ರು. ಹೆದರತಾರ."

ಮಾತಾಡುತ್ತಾ ಕಾರಣ ತಿಳಿಯಿತು. ಹಿಂದೊಮ್ಮೆ ಇದೇ ಹುಡುಗಿಗೆ ಬೇರೊಂದು ಸಂಬಂಧ ಬಂದಿತ್ತು. ಒಪ್ಪಿಗೆಯೇನು ಎಂದು ಕೇಳಿದಾಗ ದೊಡ್ಡಪ್ಪ ತಲೆ ಅಡ್ಡಡ್ಡ ಆಡಿಸಿದ್ದರು. ಅಷ್ಟಕ್ಕೇ ಅದು ಮುರಿಯಿತು.

"ಬಾಯಿತುಂಬ ಎಲಿಅಡಿಕಿ ಇತ್ರಿ! ತಡೀರಿ, ಉಗುಳಿ ಬರ್ತೀನಿ ಅಂತ ತಲಿ ಆಡಿಸಿದೆ. ಹೊರಗ ಹೋಗಿ ಬರೋದ್ರಾಗ ಬೀಗರು ಎದ್ದು ಹೋಗಿದ್ರು." ಹೇಳುತ್ತಾ ಅವರ ಕಣ್ಣು ತುಂಬಿತು. "ಯಾಕಂತ ಒಬ್ರೂ ಕೇಳಲಿಲ್ಲ. ಅವತ್ತಿಂದ ಆ ಕುರ್ಚಿಗೆ ಕೈ ಮುಗೀತಾರ, ನನ್ನ ಕೂಡ ಒಬ್ರೂ ನಗಂಗಿಲ್ಲ."

ಮಾತೇ ಆಡದ ಡ್ರಾಯಿಂಗ್ ಮೇಷ್ಟ್ರು ಮುಂದೆ ಬಾಗಿ ಕೇಳಿದರು: "ಆ ಎಲಿಅಡಿಕಿ ಅಂಗಡಿ ಎಲ್ಲೈತ್ರಿ? ಅವನಿಗೊಂದು ಶಾಲು ಹೊದಿಸಬೇಕು."

ಒಪ್ಪಿಗೆ

ಮುಂದಿನ ವಾರವೇ ಸಿರುಗುಪ್ಪದಲ್ಲಿ ಎಲ್ಲರೂ ಸೇರಿದೆವು. ದೊಡ್ಡಪ್ಪ ಹೊಸ ಧೋತರ ಉಟ್ಟು ತಮ್ಮ ಕುರ್ಚಿಯಲ್ಲಿ ಕೂತರು. ಮನೆಯವರು ಗೋಡೆಗಂಟಿಕೊಂಡು ನಿಂತರು. ಹುಡುಗಿಯ ಅಪ್ಪ ಕೈಮುಗಿದು, "ಅಣ್ಣಾ, ನಿನ್ನ ಒಪ್ಪಿಗಿ ಏನು?" ಅಂದರು.

ದೊಡ್ಡಪ್ಪ ಬಾಯಿ ತೆರೆಯಲಿಲ್ಲ. ಕೆನ್ನೆ ಮಾತ್ರ ಉಬ್ಬಿತ್ತು. ಖುಷಿಗೆ ಆಗಷ್ಟೇ ಎಲೆಅಡಿಕೆ ಹಾಕಿಕೊಂಡುಬಿಟ್ಟಿದ್ದರು! ಕೈ ಎತ್ತಿದರು, ತಲೆ ನಿಧಾನಕ್ಕೆ ಎಡಕ್ಕೆ ತಿರುಗಿತು. ಹುಡುಗಿಯ ಅವ್ವ "ಶಿವನೇ" ಅಂತ ಕಣ್ಣು ಮುಚ್ಚಿದರು. ಡ್ರಾಯಿಂಗ್ ಮೇಷ್ಟ್ರು ನನ್ನ ಕೈ ಹಿಚುಕಿದರು.

ಆ ತಲೆ ಬಲಕ್ಕೆ ತಿರುಗುವ ಮೊದಲೇ ಒಳಗಿನಿಂದ ಹುಡುಗಿ ಓಡಿಬಂದಳು. ಡ್ರಾಯಿಂಗ್ ಮೇಷ್ಟ್ರು ಅವಳೊಬ್ಬಳಿಗೆ ಫೋನಿನಲ್ಲಿ ಎಲ್ಲ ಹೇಳಿದ್ದರು ಅಂತ ಕಾಣುತ್ತದೆ. ಒಂದು ಕೈಯಲ್ಲಿ ದೊಡ್ಡಪ್ಪನ ಗದ್ದ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಹಿತ್ತಾಳೆ ಪೀಕದಾನಿ ಮುಂದೆ ಚಾಚಿ ಹೇಳಿದಳು:

"ಮೊದ್ಲು ಉಗುಳ್ರಿ ದೊಡ್ಡಪ್ಪಾ! ಆಮ್ಯಾಲ ತಲಿ ಆಡಿಸ್ರಿ!"