ಟೇಬಲ್ಲಿನ ಮೇಲೆ ಮರಳುಗಾಡು

ಊರಿನವರ ಕುರ್ಚಿ, ಮಂಚ, ಬಾಗಿಲುಗಳಿಗೆಲ್ಲ ಕನ್ನಡಿಯಂಥ ವಾರ್ನಿಷ್ ಹೊಡೆದವನು ನಾನು. ನನ್ನ ಮನೆಯ ಊಟದ ಟೇಬಲ್ಲು ಮಾತ್ರ ಒಂಬತ್ತು ವರ್ಷ ಬರಿಮೈಯಲ್ಲೇ ನಿಂತಿತ್ತು. (ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಹೆಂಡತಿ ಊಟಕ್ಕೆ ಮೊದಲೊಂದು, ಆಮೇಲೊಂದು, ಮಾತ್ರೆಯ ಹಾಗೆ ನುಂಗಿಸುತ್ತಿದ್ದಳು.) ಭಾನುವಾರ ಅವಳ ಅಕ್ಕ ಊಟಕ್ಕೆ ಬರುವವರಿದ್ದರು.

"ಅಷ್ಟರಲ್ಲಿ ಟೇಬಲ್ಲು ಹೊಳೀಬೇಕು. ಇಲ್ದಿದ್ರೆ ಅಕ್ಕನ ಮುಂದೆ ನಾನು ಹೇಗೆ ಮುಖ ಎತ್ತಲಿ?" ಎಂದಳು.

ತೊಡೆ ತಟ್ಟಿ ಒಪ್ಪಿಕೊಂಡೆ. ಸಿಟ್ಟು ಬರಲಿ, ಹುರುಪು ಬರಲಿ, ತೊಡೆ ತಟ್ಟುವುದು ನನ್ನ ಹುಟ್ಟುಗುಣ.

ಗುರುವಾರ ವಾರ್ನಿಷ್ ಬಳಿದೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ಮೈತುಂಬ ಧೂಳು ಕಚ್ಚಿಕೊಂಡು ಟೇಬಲ್ಲು ಮರಳುಕಾಗದವಾಗಿದೆ! ಅಪರಾಧಿಯನ್ನು ಹುಡುಕುವ ಕಷ್ಟವಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಹೆಂಡತಿಯ ತಮ್ಮ ಬಿಳಿ ಕಲ್ಲು ಕೊಯ್ಯುತ್ತಾನೆ. ಹೋದವನೇ ಅವನ ಮಿಷನ್ನು ನಿಲ್ಲಿಸಿದೆ.

"ಏನ್ ಭಾವ ಇದು?"

"ನಿನ್ನ ಧೂಳೆಲ್ಲ ನನ್ನ ಟೇಬಲ್ ಮೇಲೆ ಕೂತಿದೆ ಕಣೋ! ಭಾನುವಾರದವರೆಗೆ ಇದನ್ನ ಮುಟ್ಟಿದ್ರೆ ನೋಡು!"

"ರೇಡಿಯೋ ಕೇಳಿಲ್ವಾ ಭಾವ? ಸಾವಿರಾರು ಮೈಲಿ ಆಚೆ ಮರಳುಗಾಡಿಂದ ಗಾಳೀಲಿ ಧೂಳು ಬರ್ತಿದೆಯಂತೆ. ದಾರೀಲಿ ಊರೂರಿನ ಫ್ಯಾಕ್ಟರಿ ಹೊಗೆಮಸಿನೂ ಸೇರಿಸ್ಕೊಂಡು."

"ಓಹೋ! ಅಷ್ಟು ದೂರದ ಧೂಳಿಗೆ ನನ್ನ ಮನೆ ವಿಳಾಸ ಕೊಟ್ಟೋರು ಯಾರಪ್ಪ?" ತೊಡೆ ತಟ್ಟಿ ಹೊರಬಿದ್ದೆ.

ಮನೆಯಲ್ಲಿ ಹೆಂಡತಿ ಟೇಬಲ್ಲಿನ ಮೇಲೆ ಬೆರಳಾಡಿಸಿ ನನ್ನ ಮೂಗಿಗೇ ಹಿಡಿದಳು. "ನೋಡ್ರೀ, ನನ್ನ ತಮ್ಮನ ಧೂಳು ಬಿಳಿ. ಇದು ಕೆಂಪು. ಮಧ್ಯೆ ಮಧ್ಯೆ ಕಪ್ಪು ಬೇರೆ."

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆಂಪು ಕೆಂಪೇ. ಹಾಗಂತ ಸೋಲೊಪ್ಪುವುದುಂಟೆ?

"ಸರಿ, ಮರಳುಗಾಡಿನ ಮೇಲೇ ಯುದ್ಧ! ಇನ್ನೊಂದ್ಸಲ ಧೂಳು ಕೂತ್ರೆ ನಿನ್ನ ತಮ್ಮನ ಹತ್ರ ತಪ್ಪಾಯ್ತು ಅಂತೀನಿ, ಅವನ ಶೆಡ್ಡನ್ನೂ ನಾನೇ ಗುಡಿಸ್ತೀನಿ!"

ಶನಿವಾರ ಬೆಳಗಿನಿಂದ ಟೇಬಲ್ಲನ್ನು ಉಜ್ಜಿ ಉಜ್ಜಿ ಆ ಕೆಂಪು ಧೂಳನ್ನು ವಾರ್ನಿಷ್ ಸಮೇತ ಕಿತ್ತೆ. ಕಿಟಕಿಗಳಿಗೆ ಟೇಪು, ಬೀಗದ ಕಿಂಡಿಗೆ ಹತ್ತಿ, ಬಾಗಿಲಿಗೆ ಒದ್ದೆ ಹೊದಿಕೆ. ನೆಲಕ್ಕೆ ನೀರು ಚಿಮುಕಿಸಿದೆ. ಫ್ಯಾನಿಗೆ ಗೃಹಬಂಧನ.

"ರೀ, ಉಸಿರಾಡೋಕಾದ್ರೂ ಜಾಗ ಬಿಟ್ಕೊಂಡಿದ್ದೀರಾ?" ಎಂದು ಹೊರಗಿನಿಂದ ಕೂಗಿದಳು.

"ಉಸಿರು ಆಮೇಲೆ! ಮೊದಲು ವಾರ್ನಿಷ್!"

ಸಂಜೆ ಕೊನೆಯ ಕೈ ಎಳೆದಾಗ ಟೇಬಲ್ಲಿನೊಳಗಿಂದ ನನ್ನ ಮೀಸೆ ನನ್ನನ್ನೇ ನೋಡಿ ನಕ್ಕಿತು. ಸಾಕ್ಷಿಗೆಂದು ಹೆಂಡತಿ, ಅವಳ ತಮ್ಮ ಇಬ್ಬರನ್ನೂ ಕರೆದೆ. ಕೈಕಾಲು ತೊಳೆಸಿ, ತಲೆಗೆ ಒದ್ದೆ ಬಟ್ಟೆ ಕಟ್ಟಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆ.

ಭಾವಮೈದುನ ಬಗ್ಗಿ ನೋಡಿದ. "ಒಪ್ಪಿದೆ ಭಾವ. ಒಂದು ಕಣ ಇಲ್ಲ."

ಹೆಂಡತಿಯ ಕಣ್ಣಲ್ಲಿ ಒಂಬತ್ತು ವರ್ಷಗಳ ಬಳಿಕ ಹೊಳಪು ಕಂಡಿತು.

"ಬರ್ಲಿ ನಿಮ್ಮ ಮರಳುಗಾಡು!" ಎಂದು ಅಬ್ಬರಿಸಿ, ಮೈಯಲ್ಲಿದ್ದ ಕಸುವನ್ನೆಲ್ಲ ಕೈಗೆ ತಂದು, ಟೇಬಲ್ಲಿನ ಪಕ್ಕದಲ್ಲೇ ತೊಡೆ ತಟ್ಟಿದೆ.

ಬೆಳಗಿನಿಂದ ಉಜ್ಜಿ ಕಿತ್ತ ಧೂಳೆಲ್ಲ ನನ್ನ ಪ್ಯಾಂಟಿನಲ್ಲೇ ಕೂತಿತ್ತು. ಭುಸ್ಸೆಂದು ಎದ್ದ ಕೆಂಪು ಮೋಡ ಒಂದು ಸುತ್ತು ಹಾಕಿ, ಹಸಿ ವಾರ್ನಿಷ್ಷಿನ ಮೇಲೆ ನಿಧಾನವಾಗಿ ಇಳಿಯಿತು.

ಹೆಂಡತಿ ತಲೆಯ ಒದ್ದೆ ಬಟ್ಟೆ ಬಿಚ್ಚಿದಳು. "ಧೂಳಲ್ಲಿ ಎರಡು ಥರ ಅಂತ ರೇಡಿಯೋದಲ್ಲಿ ಅಂದ್ರು. ಒಂದು ಪ್ರಕೃತಿಯದು, ಇನ್ನೊಂದು ಮನುಷ್ಯ ಮಾಡಿದ್ದು. ಆ ಮನುಷ್ಯ ಯಾರು ಅಂತ ಈಗ ಗೊತ್ತಾಯ್ತು."

ಭಾನುವಾರ ಅವಳ ಅಕ್ಕ ಟೇಬಲ್ಲಿನ ಮೇಲೆ ದಪ್ಪ ಬಟ್ಟೆ ಹಾಸಿಸಿಕೊಂಡು ಊಟ ಮಾಡಿದರಂತೆ. ನಾನು ನೋಡಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಪೊರಕೆ ಹಿಡಿದಿದ್ದೆ. ಭಾವಮೈದುನ ಬಾಗಿಲಿಗೆ ಒರಗಿ ನಿಂತಿದ್ದ.

"ಮೆಲ್ಲಗೆ ಭಾವ, ಧೂಳು ಹಾರುತ್ತೆ. ಪಕ್ಕದ ಮನೇಲಿ ಊಟ ನಡೀತಿದೆ."

ಕೈ ತಾನಾಗಿ ತೊಡೆಯತ್ತ ಹೋಯಿತು. ಪೊರಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.